ಕಾಸರಗೋಡಿನ ದೀಪಾವಳಿ ಮತ್ತು ಬಲೀಂದ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ತುಲಾ ತಿಂಗಳು (ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ) ಹತ್ತಿರ ಬಂತೆಂದರೆ ಈ ಪ್ರಶ್ನೆಗಳು ಶುರುವಾಗುತ್ತವೆ. ಘಟ್ಟದ ಮೇಲಿಂದ ಮದುವೆಯಾಗಿ ಬಂದ ಸೊಸೆಯಂದಿರು ಕೇಳುತ್ತಾರೆ. ಬೆಂಗಳೂರು, ದುಬೈ ಎಂದು ಹೋಗಿ ನೆಲೆಸಿದ ಮಕ್ಕಳು ಫೋನಿನಲ್ಲಿ ಕೇಳುತ್ತಾರೆ. ಶಾಲೆಗೆ ಬರೆದುಕೊಂಡು ಹೋಗಬೇಕಾದ ಮಕ್ಕಳು ಅಜ್ಜಿಯನ್ನು ಕೇಳಿ, ಅಜ್ಜಿ ನನ್ನ ಕಡೆ ಕೈತೋರಿಸುತ್ತಾರೆ. ಮಾತಿನಲ್ಲಿ, ಪತ್ರದಲ್ಲಿ ಬಂದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿರುವುದು ಮುಖ್ಯವಾಗಿ ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ರೂಢಿ. ಜಾತಿಗೊಂದು, ತರವಾಡಿಗೊಂದು (ಕುಟುಂಬದ ಮೂಲಮನೆಗೊಂದು) ಕ್ರಮ ಇದ್ದೇ ಇದೆ. ನಿಮ್ಮ ಮನೆಯ ಹಿರಿಯರು ಬೇರೆ ಹೇಳಿದರೆ ನಿಮ್ಮ ಮನೆಯಲ್ಲಿ ಅವರ ಮಾತೇ ನಡೆಯಲಿ.

## ಮೊದಲು ತಿಳಿಯಬೇಕಾದದ್ದು

ನಮ್ಮಲ್ಲಿ ದೀಪಾವಳಿ ಒಟ್ಟು ಎಷ್ಟು ದಿವಸ? ಯಾವ ದಿನ ಎಂತ ಮಾಡ್ಲಿಕ್ಕುಂಟು?

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಸ್ನಾನದ ಹಂಡೆಗೆ ನೀರು ತುಂಬುತ್ತೇವೆ. ಮರುದಿನ ಚತುರ್ದಶಿ, ಬೆಳಗ್ಗಿನ ಜಾವ ಎಣ್ಣೆಸ್ನಾನ. ಅಮಾವಾಸ್ಯೆಯ ಸಂಜೆ ಮನೆಯಲ್ಲಿ ದೀಪ, ಪೇಟೆಯಲ್ಲಿ ಅಂಗಡಿಪೂಜೆ. ಅದರ ಮರುದಿನ ಕಾರ್ತಿಕ ಶುದ್ಧ ಪಾಡ್ಯಕ್ಕೆ ಗೋಪೂಜೆ ಮತ್ತು ಬಲೀಂದ್ರ. ಬಲೀಂದ್ರನನ್ನು ಕೆಲವು ಮನೆಯವರು ಪಾಡ್ಯದಂದು ಮಾತ್ರ ಕರೆಯುತ್ತಾರೆ, ಕೆಲವರು ಮೂರು ಸಂಜೆಯೂ ಕರೆಯುತ್ತಾರೆ. ಎರಡೂ ಹಳೆಯ ಕ್ರಮವೇ.

ತ್ರಯೋದಶಿಗೆ ಚಿನ್ನ ಕೊಳ್ಳಲೇಬೇಕಾ ಎಂದು ಕೇಳುವವರು ಈಗೀಗ ಹೆಚ್ಚಾಗಿದ್ದಾರೆ. ನಮ್ಮ ಹಿರಿಯರ ಹಬ್ಬದಲ್ಲಿ ಅದು ಹಂಡೆ ತಿಕ್ಕುವ ದಿನ. ಚಿನ್ನಕ್ಕೆಂದು ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ.

ಬಲೀಂದ್ರ ಅಂದ್ರೆ ಯಾರು? ಅಸುರನಿಗೆ ನಾವು ಯಾಕೆ ದೀಪ ಇಡುವುದು?

ಪುರಾಣದಲ್ಲಿ ಅವನು ಬಲಿ ಚಕ್ರವರ್ತಿ. ಪ್ರಹ್ಲಾದನ ಮೊಮ್ಮಗ, ವಿರೋಚನನ ಮಗ. ಮೂರು ಲೋಕವನ್ನೂ ಗೆದ್ದು, ಶುಕ್ರಾಚಾರ್ಯರ ಹಿರಿತನದಲ್ಲಿ ಯಜ್ಞ ಮಾಡುತ್ತಿದ್ದಾಗ ವಾಮನ ಬಂದು ಮೂರು ಹೆಜ್ಜೆ ನೆಲ ಕೇಳಿದ. ಎರಡು ಹೆಜ್ಜೆಗೆ ಭೂಮಿ, ಆಕಾಶ ಮುಗಿದವು. ಮೂರನೆಯದಕ್ಕೆ ಬಲಿ ತನ್ನ ತಲೆ ಕೊಟ್ಟ.

ನಮ್ಮ ಅಂಗಳದ ಕಥೆಯಲ್ಲಿ ಅವನು ಇನ್ನೂ ಹತ್ತಿರದವನು. ತುಳುವರ ಹಾಡು-ಕಥೆಗಳಲ್ಲಿ ಬಲೀಂದ್ರ ಈ ನೆಲದ ಅರಸ, ಭೂಮಿಪುತ್ರ. ಅವನ ಕಾಲದಲ್ಲಿ ಬೆಳೆಗೆ ಕೊರತೆ ಇರಲಿಲ್ಲ. ನೆಲ ಬಿಟ್ಟು ಹೋಗುವಾಗ, ವರ್ಷಕ್ಕೊಮ್ಮೆ ಬಂದು ತನ್ನವರನ್ನು ನೋಡಿಕೊಂಡು ಹೋಗುವ ಅವಕಾಶ ಪಡೆದ. ಹಾಗಾಗಿ ನಾವು ದೀಪ ಇಡುವುದು ನೆಲದ ಹಳೆಯ ಯಜಮಾನನಿಗೆ. ಅಸುರ ಎಂಬ ಕುಲದ ಹೆಸರು ಅದಕ್ಕೆ ಅಡ್ಡ ಬರುವುದಿಲ್ಲ. ಅವನಜ್ಜ ಪ್ರಹ್ಲಾದನಿಗೂ ಅಡ್ಡ ಬರಲಿಲ್ಲ.

ಹಾಗಾದ್ರೆ ನರಕಾಸುರ ಎಲ್ಲಿಂದ ಬಂದ? ಅವನಿಗೂ ಎಣ್ಣೆಸ್ನಾನಕ್ಕೂ ಎಂತ ಸಂಬಂಧ?

ಚತುರ್ದಶಿಯ ಕಥೆ ಅವನದು, ಪಾಡ್ಯದ ಕಥೆ ಬಲಿಯದು. ಇವೆರಡನ್ನು ಬೆರೆಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ.

ನರಕ ಭೂದೇವಿಯ ಮಗ, ಪ್ರಾಗ್ಜ್ಯೋತಿಷಪುರದ ಒಡೆಯ. ವರುಣನ ಛತ್ರ, ಅದಿತಿಯ ಕಿವಿಯ ಕುಂಡಲಗಳನ್ನು ಕಿತ್ತುಕೊಂಡಿದ್ದ. ಕೃಷ್ಣ ಸತ್ಯಭಾಮೆಯೊಂದಿಗೆ ಗರುಡನೇರಿ ಹೋಗಿ, ಕಾವಲಿದ್ದ ಮುರನನ್ನು ಕೊಂದು, ಆಮೇಲೆ ನರಕನನ್ನು ಕೊಂದು, ಸೆರೆಯಲ್ಲಿದ್ದ ಹದಿನಾರು ಸಾವಿರ ಹೆಣ್ಣುಮಕ್ಕಳನ್ನು ಬಿಡಿಸಿದ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕಥೆ ಇಷ್ಟು. ಬಾಣ ಬಿಟ್ಟವಳು ಸತ್ಯಭಾಮೆಯೇ ಎಂಬುದು ಜನ ಹೇಳುತ್ತ ಬಂದ ಪಾಠ. ಯುದ್ಧ ಮುಗಿಸಿ ಬಂದ ಕೃಷ್ಣ ನೆತ್ತರು ತೊಳೆಯಲು ಎಣ್ಣೆ ಹಚ್ಚಿ ಮಿಂದ ಎಂಬ ಮಾತೂ ಅಂಥದೇ. ಮೀಯುವುದಕ್ಕೆ ಇನ್ನೊಂದು ಕಾರಣ ಕಣ್ಣೆದುರೇ ಇದೆ: ಮಳೆಗಾಲ ಮುಗಿದು, ಗದ್ದೆಯ ಕೆಸರು, ಕೊಯ್ಲಿನ ತುರಿಕೆ ಎಲ್ಲ ಕಂಡ ಮೈಗೆ ಎಣ್ಣೆ, ಸೀಗೆಪುಡಿ, ಹದ ಬಿಸಿನೀರು ಬೇಕಿತ್ತು.

ಹಂಡೆಗೆ ಬಳ್ಳಿ ಸುತ್ತುವುದು ಯಾಕೆ? ಗೀಸರ್ ಇದ್ದವರು ಎಂತ ಮಾಡ್ಬೇಕು?

ಆ ದಿನದ ನೀರು ಬರೀ ನೀರಲ್ಲ, ಅದರಲ್ಲಿ ಗಂಗೆಯ ಸಾನ್ನಿಧ್ಯ ಇದೆ ಎಂಬ ನಂಬಿಕೆ. ತ್ರಯೋದಶಿಯ ಮಧ್ಯಾಹ್ನ ಹುಣಸೆಹುಳಿ, ಬೂದಿ ಹಾಕಿ ತಾಮ್ರದ ಹಂಡೆಯನ್ನು ತಿಕ್ಕಿದರೆ ವರ್ಷವಿಡೀ ಹೊಗೆ ಹಿಡಿದು ಕಪ್ಪಾಗಿದ್ದ ಕಂಠದಲ್ಲಿ ಮೊದಲು ಒಂದು ಕೆಂಪು ಗೆರೆ ಕಾಣುತ್ತದೆ, ಮೆಲ್ಲಗೆ ಅದು ಹೊಟ್ಟೆಯವರೆಗೆ ಇಳಿಯುತ್ತದೆ. ಆಮೇಲೆ ಸುಣ್ಣದ ಗೆರೆ ಎಳೆದು, ಕಾಡುಬಳ್ಳಿ, ಗೊಂಡೆ ಹೂವಿನ ಮಾಲೆ ಸುತ್ತಿ, ಬಾವಿಯಿಂದ ಸೇದಿದ ಹೊಸ ನೀರು ತುಂಬಿ, ಜಾಗಟೆ ಬಡಿದು ಕೈಮುಗಿಯುತ್ತಾರೆ.

ಗೀಸರ್ ಮನೆಯವರು ಒಂದು ಕೊಡ ಅಥವಾ ಬಿಂದಿಗೆಯನ್ನು ಹೀಗೆ ಅಲಂಕರಿಸಿ ನೀರು ತುಂಬಿಟ್ಟು, ಬೆಳಗ್ಗೆ ಆ ನೀರನ್ನು ಎಲ್ಲರ ಸ್ನಾನದ ಬಕೆಟಿಗೆ ಸ್ವಲ್ಪ ಸ್ವಲ್ಪ ಬೆರೆಸಿದರೆ ಸಾಕು.

ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆ ಇಲ್ಲವೇ ಇಲ್ಲ. ಲೋಪ ಆಗ್ತದಾ?

ಇಲ್ಲ. ನಮ್ಮ ಕಡೆ ಅದು ವ್ಯಾಪಾರಸ್ಥರ ಪೂಜೆ. ಅಂಗಡಿ, ಲೆಕ್ಕದ ಪುಸ್ತಕ, ವಾಹನ ಇದ್ದವರು ಮಾಡುತ್ತಾರೆ. ಬೇಸಾಯದ ಮನೆಗಳಲ್ಲಿ ಹಬ್ಬದ ನಡು ಬಲೀಂದ್ರ.

## ಅಂಗಳದಲ್ಲಿ, ಗದ್ದೆಯಲ್ಲಿ

ಬಲೀಂದ್ರ ಹಾಕುವುದು ಹೇಗೆ? ಅಪ್ಪ ತೀರಿಹೋದ ಮೇಲೆ ನಮಗೆ ಯಾರೂ ಹೇಳಿಕೊಡುವವರಿಲ್ಲ.

ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಸಂತೋಷ. ಕೇಳಿದವರು ಮುಂದಿನ ವರ್ಷ ಮಾಡಿಯೇ ಮಾಡುತ್ತಾರೆ.

ಹಾಲೆ ಮರದ ನೇರವಾದ ಒಂದು ಕೊಂಬೆ ತರಬೇಕು. ಅಂಗಳದಲ್ಲಿ, ತುಳಸಿಕಟ್ಟೆಗೆ ಸ್ವಲ್ಪ ದೂರದಲ್ಲಿ, ಗುಂಡಿ ತೋಡಿ ನೆಡಿ. ಸೀಳಿದ ಅಡಿಕೆಮರದ ಸಲಾಕೆಗಳನ್ನೋ ಬಿದಿರಿನ ಕಡ್ಡಿಗಳನ್ನೋ ಅಡ್ಡಡ್ಡ ಕಟ್ಟಿ, ಕಂಬಕ್ಕೆ ಕೈಗಳು ಬಂದಂತೆ ಮಾಡಿ. ಗೊಂಡೆ, ಕೇಪಳ, ಪಾದೆಯ ಮೇಲೆ ಸಿಗುವ ಕಾಡುಹೂ, ಮಾವಿನ ಸೊಪ್ಪು ಕಟ್ಟಿ. ತುದಿಯಲ್ಲಿ ಹಣತೆ ನಿಲ್ಲುವಷ್ಟು ಜಾಗ ಇರಲಿ. ಬುಡಕ್ಕೆ ಸೆಗಣಿ ಸಾರಿಸಿ, ನೇಗಿಲು, ನೊಗ, ಹಾರೆ, ಕತ್ತಿ, ಭತ್ತ ಅಳೆಯುವ ಸೇರು, ಕಳಸೆ ಇವನ್ನೆಲ್ಲ ತೊಳೆದು ಇಡುತ್ತಾರೆ. ನೇಗಿಲು ಇಲ್ಲದಿದ್ದರೆ ಇರುವ ಹತ್ಯಾರು ಇಡಿ. ಅಡಿಕೆಗೆ ಮದ್ದು ಬಿಡುವ ಪಂಪು ಇಟ್ಟ ಮನೆಯೂ ಗೊತ್ತು, ನನಗೆ ಅದು ಸರಿ ಎಂದೇ ಕಂಡಿತು.

ಕತ್ತಲಾದ ಮೇಲೆ ಬಾಳೆಲೆಯಲ್ಲಿ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ಚೂರು, ವೀಳ್ಯದೆಲೆ, ಅಡಿಕೆ ಇಡುತ್ತಾರೆ. ಕಂಬದ ತುದಿಯಲ್ಲಿ ದೀಪ ಹಚ್ಚಿ, ಹೂ, ಅಕ್ಕಿ ಎರಚಿ, ಬಲೀಂದ್ರನನ್ನು ಮೂರು ಸಲ ಕೂಗಿ ಕರೆಯುತ್ತಾರೆ. ಅಲ್ಲಿಂದ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ಕೋಲುಗಳನ್ನು ಹೊತ್ತಿಸಿಕೊಂಡು ಗದ್ದೆಗೆ ಹೋಗಿ ಒಂದೊಂದು ಕಡೆ ಒಂದೊಂದು ಊರುತ್ತಾರೆ. ಹಟ್ಟಿ, ಬಾವಿ, ಗೊಬ್ಬರದ ಗುಂಡಿ, ನಾಗಬನ, ದೈವದ ಗುಡಿ ಎಲ್ಲದಕ್ಕೂ ಒಂದು ದೀಪ. ಗೊಬ್ಬರದ ಗುಂಡಿಯನ್ನು ದಯವಿಟ್ಟು ಬಿಡಬೇಡಿ, ಬೆಳೆಯ ಅರ್ಧ ಅಲ್ಲಿಂದಲೇ ಬರುವುದು.

ಕೂಗುವಾಗ ಎಂತ ಹೇಳ್ಬೇಕು? ನಮಗೆ ಕೊನೆಯ 'ಕೂ' ಮಾತ್ರ ಗೊತ್ತು.

ಕರೆ ತುಳುವಿನಲ್ಲಿದೆ, ಮನೆಯಿಂದ ಮನೆಗೆ ಸಾಲುಗಳು ಬದಲಾಗುತ್ತವೆ. ಹೆಚ್ಚಿನ ಪಾಠಗಳಲ್ಲಿ ಮೊದಲು ಆಗಲಾರದ ಸಂಗತಿಗಳ ಒಂದು ಸಾಲು ಬರುತ್ತದೆ. ಕರಿಗಲ್ಲು ಕಾಯಿ ಬಿಡುವಾಗ, ಬಿಳಿಗಲ್ಲು ಹೂ ಬಿಡುವಾಗ, ಉಪ್ಪು ಕರ್ಪೂರವಾಗುವಾಗ, ಉದ್ದಿನಕಾಳು ಮದ್ದಳೆಯಾಗುವಾಗ, ನೆಕ್ಕಿ ಗಿಡದ ಅಡಿಯಲ್ಲಿ ಆಟ ನಡೆಯುವಾಗ, ತುಂಬೆ ಗಿಡದ ಅಡಿಯಲ್ಲಿ ಕೂಟ ಸೇರುವಾಗ ನೀನು ಮರಳಿ ಬಂದು ನೆಲ ಆಳುವೆಯಂತೆ ಎಂದು ದೇವರು ಅವನಿಗೆ ಹೇಳಿದ್ದರು ಎಂಬ ಭಾವ. ಅಂಗೈಯಗಲದ ತುಂಬೆಯ ನೆರಳಲ್ಲಿ ಕೂಟ ಸೇರುವುದುಂಟೇ? ಅಂದರೆ ಪೂರ್ತಿಯಾಗಿ ಮರಳಿ ಬರುವ ದಿನ ಇಲ್ಲವೇ ಇಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವುದಷ್ಟೇ ಅವನ ಪಾಲಿಗೆ ಉಳಿದದ್ದು. ಅದು ಗೊತ್ತಿದ್ದೂ ಅಂಗಳದಲ್ಲಿ ನಿಂತು ವರ್ಷ ವರ್ಷ ಕರೆಯುತ್ತೇವೆ. ಈ ಸಾಲುಗಳನ್ನು ಹಿರಿಯರು ಕತ್ತಲಲ್ಲಿ ನಿಂತು ಹೇಳುವಾಗ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ಆಮೇಲೆ ಬೇಡಿಕೆ. ಈ ಊರಿನ ಬಲಿ ತೆಗೆದುಕೊಂಡು ಹೋಗು, ಆ ಊರಿನ ಪೊಲಿ ತಾ. ಪೊಲಿ ಎಂದರೆ ಇಲ್ಲಿ ಸಮೃದ್ಧಿ, ಹೆಚ್ಚಳ. ಕೊನೆಗೆ ಎಲ್ಲರೂ ಸೇರಿ 'ಬಲೀಂದ್ರಾ, ಕೂ' ಎಂದು ಕೂಗುತ್ತಾರೆ. ಸಾಲುಗಳು ಬಾರದವರು ಬೇಡಿಕೆಯ ಮಾತನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳಿ ಕೂ ಹಾಕಬಹುದು. ನೆರೆಮನೆಯ ಅಜ್ಜನ ಪಾಠವನ್ನು ಮೊಬೈಲಿನಲ್ಲಿ ಈ ವರ್ಷವೇ ರೆಕಾರ್ಡ್ ಮಾಡಿಟ್ಟುಕೊಳ್ಳಿ.

ಮನೆಯಲ್ಲಿ ಗಂಡಸರಿಲ್ಲ, ನಾನು ಮತ್ತು ಅಮ್ಮ ಮಾತ್ರ. ನಾವೇ ಕರೆಯಬಹುದಾ? ಭಟ್ರು ಬೇಕಾ?

ಕರೆಯಬಹುದು. ಇದಕ್ಕೆ ಪುರೋಹಿತರು ಬೇಡ, ಸಂಸ್ಕೃತ ಮಂತ್ರ ಇಲ್ಲ. ಮನೆಯ ಹಿರಿಯರು ಕರೆಯುವುದು ರೂಢಿ. ನಿಮ್ಮ ಮನೆಗೆ ಅಮ್ಮನೇ ಹಿರಿಯರು.

ಹಾಲೆ ಮರವೇ ಬೇಕಾ? ನಮ್ಮ ಗುಡ್ಡದಲ್ಲಿ ಈಗ ರಬ್ಬರ್ ಬಿಟ್ರೆ ಬೇರೆ ಮರ ಇಲ್ಲ.

ಹಾಲೆ ಸಿಕ್ಕಿದರೆ ಅದೇ ಇರಲಿ. ತುಳುವಿನಲ್ಲಿ ಪಾಲೆ. ಗೆಲ್ಲಿನ ಒಂದೇ ಗಂಟಿನ ಸುತ್ತ ಐದರಿಂದ ಎಂಟು ಎಲೆ ಬರುವುದರಿಂದ ಏಳೆಲೆ ಹಾಲೆ ಎಂದೂ ಹೇಳುತ್ತಾರೆ. ಕಡಿದರೆ ಬಿಳಿ ಹಾಲು ಒಸರುತ್ತದೆ. ಮರ ಮೆದು, ಹಗುರ. ತುಲಾ ತಿಂಗಳ ಸುಮಾರಿಗೆ ಹೂ ಬಿಟ್ಟಾಗ ಸಂಜೆಯ ಹೊತ್ತು ಅದರ ಗಾಟು ಪರಿಮಳ ಓಣಿಯ ಆಚೆ ತನಕ ಬರುತ್ತದೆ. ಕಣ್ಣಿನಿಂದ ಹುಡುಕಿ ಸಿಗದಿದ್ದರೆ ಮೂಗಿನಿಂದ ಹುಡುಕಬಹುದು.

ಇದೇ ಮರದ ತೊಗಟೆಯ ಕಷಾಯವನ್ನು ಆಟಿ (ಕರ್ಕಾಟಕ) ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಕುಡಿಯುತ್ತೇವೆ. ಕಂಬಕ್ಕೆ ಮರ ತಪ್ಪಿದರೆ ಏನೂ ಆಗದು. ಕಷಾಯಕ್ಕೆ ತಪ್ಪಿದರೆ ಪ್ರಾಣಕ್ಕೆ ಅಪಾಯ. ಕತ್ತಲಲ್ಲಿ ಹೋಗಿ ಹಾಲೆಯೆಂದು ಕಾಸರಕ ಎಂಬ ಮರದ ತೊಗಟೆ ತಂದರೆ ಅದು ವಿಷ. ಹಬ್ಬಕ್ಕೆ ಕೊಂಬೆ ತರುವ ದಿನವೇ ಮಕ್ಕಳಿಗೆ ಹಗಲಿನಲ್ಲಿ ಎಲೆ ತೋರಿಸಿ ಮರವನ್ನು ಗುರುತು ಹಿಡಿಸಿಡಿ.

ಹಾಲೆ ಎಲ್ಲೂ ಇಲ್ಲದಿದ್ದರೆ ಅಡಿಕೆಮರದ ತುಂಡು ನೆಟ್ಟು, ಸಾಧ್ಯವಾದರೆ ಹಾಲೆಯ ಒಂದು ಗೆಲ್ಲು ಕಟ್ಟಿ. ಮಳೆಗಾಲ ಶುರುವಾಗುವಾಗ ಒಂದು ಹಾಲೆ ಗಿಡ ಬೇಲಿಯ ಹತ್ತಿರ ನೆಟ್ಟುಬಿಡಿ, ಅದು ಬೇಗ ಬೆಳೆಯುವ ಜಾತಿ.

ಗದ್ದೆಯೇ ಇಲ್ಲ. ಅಜ್ಜನ ಕಾಲದ ಬಯಲೆಲ್ಲ ಈಗ ಅಡಿಕೆ ತೋಟ. ದೀಪ ಎಲ್ಲಿ ಇಡುವುದು?

ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಬಯಲುಗಳು ನಮ್ಮ ಕಣ್ಣೆದುರೇ ತೋಟವಾಗಿವೆ. ಏಣೆಲು ಕೊಯ್ಲು ಮುಗಿದು, ಭತ್ತ ಮನೆಗೆ ಬಂದು, ಸುಗ್ಗಿಗೆ ಉಳಲು ಶುರುಮಾಡುವ ನಡುವಿನ ಬಿಡುವಿಗೆ ಈ ಹಬ್ಬ ಸರಿಯಾಗಿ ಕೂತಿತ್ತು. ಈಗ ಆ ಬಿಡುವೂ ಇಲ್ಲ, ಕೊಯ್ಲೂ ಇಲ್ಲ.

ಆದರೂ ನೆಲ ಅದೇ. ತೋಟದ ನಾಲ್ಕು ಮೂಲೆಗೆ ದೀಪ ಇಡಿ. ಒಣ ಹಾಳೆ, ಸೋಗೆಗೆ ಬೆಂಕಿ ತಾಗದ ಹಾಗೆ ಜಾಗ ಗುಡಿಸಿಕೊಳ್ಳಿ. ಫ್ಲಾಟಿನಲ್ಲಿದ್ದವರು ಹೂಕುಂಡದ ಮಣ್ಣಿನಲ್ಲಿ ಒಂದು ಕಡ್ಡಿ ನೆಟ್ಟು ಹಣತೆ ಇಡಬಹುದು. ಪೇಟೆಯಲ್ಲಿ ಜೋರಾಗಿ ಕೂಗಲು ಸಂಕೋಚವಾದರೆ ಸಣ್ಣ ದನಿಯಲ್ಲೇ ಕರೆಯಿರಿ.

ಹಟ್ಟಿಯಲ್ಲಿ ದನ ಇಲ್ಲ. ಗೋಪೂಜೆ ಬಿಡಬಹುದಾ?

ನೆರೆಮನೆಯ ದನಕ್ಕೆ ಮಾಡಿ. ಮೀಯಿಸಿ, ಅಕ್ಕಿಹಿಟ್ಟನ್ನೋ ಸುಣ್ಣವನ್ನೋ ಕಲಸಿದ ನೀರಿನಲ್ಲಿ ಸಿದ್ದೆಯ (ಅಕ್ಕಿ ಅಳೆಯುವ ಪಾತ್ರೆಯ) ಬಾಯಿ ಅದ್ದಿ ಮೈಮೇಲೆ ದುಂಡು ಮುದ್ರೆ ಒತ್ತಿ, ಹೂಮಾಲೆ ಹಾಕಿ, ದೋಸೆ, ಅವಲಕ್ಕಿ, ಬಾಳೆಹಣ್ಣು ಕೊಡುವುದು ಕ್ರಮ. ತೀರಾ ಹೆಚ್ಚು ತಿನ್ನಿಸಬೇಡಿ, ದನದ ಹೊಟ್ಟೆ ಉಬ್ಬುತ್ತದೆ.

ಅಡುಗೆ ಎಂತ ಮಾಡುವುದು? ಹೋಳಿಗೆ ಆಗಲೇಬೇಕಾ?

ಬೇಕಿಲ್ಲ. ನಮ್ಮ ಕಡೆ ಹಬ್ಬದ ಬೆಳಗ್ಗೆ ಅಂದರೆ ಉದ್ದಿನ ದೋಸೆ ಮತ್ತು ಬೆಲ್ಲ-ಕಾಯಿ ಹಾಕಿದ ಅವಲಕ್ಕಿ. ಮಧ್ಯಾಹ್ನ ಪಾಯಸದ ಊಟ. ಉಳಿದದ್ದು ಅನುಕೂಲ ಇದ್ದಂತೆ.

ಈ ವರ್ಷ ಅತ್ತೆ ತೀರಿಕೊಂಡರು. ಹಬ್ಬ ಇಲ್ಲ ಅಂತಾರೆ, ಆದರೆ ಎಲೆ ಹಾಕ್ಲಿಕ್ಕುಂಟು ಅಂತಲೂ ಹೇಳ್ತಾರೆ. ಯಾವುದು ಸರಿ?

ಎರಡೂ ಸರಿ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಸಡಗರ ಇಲ್ಲ, ಹೊಸ ಬಟ್ಟೆ, ಪಟಾಕಿ ಇಲ್ಲ. ಆದರೆ ತುಳುವರ ಅನೇಕ ಮನೆಗಳಲ್ಲಿ ದೀಪಾವಳಿಯ ಸಮಯಕ್ಕೆ ತೀರಿಹೋದವರಿಗೆಂದು ಎಲೆ ಹಾಕಿ ಬಡಿಸುವ ಕ್ರಮ ಇದೆ. ಸತ್ತವರ ಪರ್ಬ ಎಂದೇ ಅದಕ್ಕೆ ಹೆಸರು. ಅವರಿಗೆ ಇಷ್ಟವಿದ್ದ ಅಡುಗೆ ಮಾಡಿ, ಎಲೆಯ ಮುಂದೆ ದೀಪ ಇಟ್ಟು, ಬಾಗಿಲು ಓರೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಬಲೀಂದ್ರ ಬರುವ ಹೊತ್ತಿಗೆ ಮನೆಯ ಹಿರಿಯರೂ ಬರುತ್ತಾರೆ ಎಂಬ ನಂಬಿಕೆ ಇದರ ಹಿಂದೆ ಇದೆ. ನಿಮ್ಮ ಅತ್ತೆಗೆ ಎಲೆ ಹಾಕಿ.

## ಗಡಿನಾಡಿನ ಪ್ರಶ್ನೆಗಳು

ಮಹಾಬಲಿ ಓಣಂಗೆ ಬಂದು ಹೋಗಿ ಆಯಿತಲ್ಲ, ಮತ್ತೆ ದೀಪಾವಳಿಗೆ ಯಾಕೆ ಬರುವುದು? ಮಗಳು ಶಾಲೆಯಿಂದ ಬಂದು ಕೇಳಿದಳು.

ಕಾಸರಗೋಡಿನ ಮಕ್ಕಳಿಗಲ್ಲದೆ ಬೇರೆ ಯಾರಿಗೂ ಇಷ್ಟು ಸಹಜವಾಗಿ ಬರಲಾರದ ಪ್ರಶ್ನೆ ಇದು. ಸಿಂಹ ಮಾಸದಲ್ಲಿ ಶಾಲೆಯ ಜಗಲಿಯಲ್ಲಿ ಪೂಕಳಂ (ಹೂವಿನ ರಂಗೋಲಿ) ಹಾಕಿ ಮಾವೇಲಿಯನ್ನು, ಅಂದರೆ ಮಹಾಬಲಿಯನ್ನು, ಎದುರುಗೊಂಡ ಮಗು, ಎರಡು ತಿಂಗಳು ಕಳೆದು ಮನೆಯ ಅಂಗಳದಲ್ಲಿ ಅವನನ್ನೇ ಬಲೀಂದ್ರಾ ಎಂದು ಕರೆಯುತ್ತದೆ.

ರಾಜ ಒಬ್ಬನೇ, ಕರೆಯುವ ಊರು ಬೇರೆ, ಕೊಯ್ಲಿನ ಲೆಕ್ಕ ಬೇರೆ. ಮಲಯಾಳ ನಾಡಿನಲ್ಲಿ ಚಿಂಙ (ಸಿಂಹ) ಮಾಸದ ತಿರುವೋಣಕ್ಕೆ ಮೊದಲ ಬೆಳೆಯ ಕೊಯ್ಲಿನ ಸಂಭ್ರಮ. ಅದು ವಾಮನ ಜಯಂತಿಯ ಆಸುಪಾಸು. ತೃಕ್ಕಾಕರದ ವಾಮನ ಕ್ಷೇತ್ರಕ್ಕೂ ಓಣಕ್ಕೂ ಹಳೆಯ ನಂಟು. ನಮ್ಮ ಬಯಲಿನ ಏಣೆಲು ಕೈಗೆ ಬರುವುದು ಕನ್ಯಾ, ತುಲಾ ತಿಂಗಳಲ್ಲಿ. ಬೆಳೆ ಮನೆ ಸೇರಿದ ಮೇಲೆ ಒಡೆಯನನ್ನು ಕರೆದು ತೋರಿಸುವುದು ಎರಡೂ ಕಡೆಯ ರೀತಿ.

ತುಳುವಿನ ಕೆಲವು ಪಾಠಗಳಲ್ಲಿ ಇದಕ್ಕೆ ಸೊಗಸಾದ ಒಂದು ಏರ್ಪಾಡೇ ಇದೆ. ಆಟಿ ಅಮಾವಾಸ್ಯೆಗೆ ನಿನ್ನ ಆಳನ್ನು ಕಳುಹಿಸು, ಸೋಣ ಸಂಕ್ರಮಣಕ್ಕೆ ಮಗನನ್ನು ಕಳುಹಿಸು, ಬೊಂತೆಲಿನ ಪರ್ಬಕ್ಕೆ ನೀನೇ ಬಾ ಎಂದು ದೇವರು ಬಲಿಗೆ ಹೇಳಿದರಂತೆ. ಸೋಣ ಎಂದರೆ ಮಲಯಾಳದ ಚಿಂಙ, ಬೊಂತೆಲ್ ಎಂದರೆ ತುಲಾ ಮಾಸ. ಮಗಳಿಗೆ ಇದನ್ನು ಹೇಳಿ, ಖುಷಿಪಡುತ್ತಾಳೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1961ರಲ್ಲಿ ಓಣಂ ರಾಜ್ಯದ ಹಬ್ಬವಾಯಿತು. ಶಾಲೆಗಳಿಗೆ ಓಣಂ ರಜೆ ಉದ್ದ, ದೀಪಾವಳಿಗೆ ಒಂದೇ ದಿನ. ನೀರು ತುಂಬುವ ಸಂಜೆಯೂ ಬಲೀಂದ್ರನ ರಾತ್ರಿಯೂ ಮಕ್ಕಳಿಗೆ ಪುಸ್ತಕದ ಚೀಲದ ನಡುವೆಯೇ ಕಳೆದುಹೋಗುತ್ತವೆ ಎಂಬುದು ನನ್ನ ದೊಡ್ಡ ಸಂಕಟ. ಹಾಗೆಂದು ಪೂಕಳಂ ಬೇಡ ಎನ್ನಲಾರೆ. ಹೂ ಹಾಕಲಿ, ಕೂ ಕೂಡ ಹಾಕಲಿ. ಪಾಡ್ಯದ ಸಂಜೆ ಟ್ಯೂಷನ್ನಿಗೆ ಮಾತ್ರ ಕಳುಹಿಸಬೇಡಿ.

ಚಂದ್ರಗಿರಿ ಹೊಳೆಯ ಆಚೆ ಬಲೀಂದ್ರ ಇಲ್ಲ ಅಲ್ವಾ?

ಇದೆ. ಕೀಳೂರು, ಪೊಡವೂರು ಶಾಸ್ತಾರ ಕ್ಷೇತ್ರಗಳಲ್ಲಿ, ಚೀಮೇನಿಯ ವಿಷ್ಣುಮೂರ್ತಿ ಕ್ಷೇತ್ರದಲ್ಲಿ ಪೊಲಿಯಂದ್ರ ಎಂಬ ಹೆಸರಿನಲ್ಲಿ ದೀಪಾವಳಿಯ ದಿನಗಳಲ್ಲೇ ನಡೆಯುತ್ತದೆ. ಅಲ್ಲೂ ಹಾಲೆ ಮರದ ಕಂಬ, ಅಲ್ಲೂ ತುದಿಯಲ್ಲಿ ದೀಪ, ಜನರೆಲ್ಲ ಸೇರಿ ಪೊಲಿಯಂದ್ರಾ ಎಂದು ಕರೆದು ಹರಿಯ ಹೆಸರು ಕೂಗುತ್ತಾರೆ. ಕೊನೆಯ ದಿನ, ಬರುವ ವರ್ಷ ಬೇಗ ಬಾ ಎಂದು ಹೇಳಿ ಕಳುಹಿಸುವುದುಂಟು. ಹೊಳೆ ಭಾಷೆಗೆ ಗಡಿ ಎಂದು ಓದಿದ್ದೇವೆ. ಹಾಲೆ ಮರಕ್ಕೂ ಬಲಿಗೂ ಆ ಗಡಿ ಇಲ್ಲ.

ಘಟ್ಟದ ಮೇಲಿನ ನಮ್ಮ ತವರಿನಲ್ಲಿ ಸೆಗಣಿಯಿಂದ ಬಲಿ ಮಾಡ್ತೇವೆ. ಇಲ್ಲಿ ಕಂಬ. ನಾನು ಯಾವುದು ಮಾಡಲಿ?

ಇಲ್ಲಿ ಕಂಬ ನೆಡಿ, ಹೊಸ್ತಿಲ ಬಳಿ ನಿಮ್ಮ ತವರಿನ ಕ್ರಮದ ಬಲಿಯನ್ನೂ ಇಡಿ. ಅತ್ತೆಯವರನ್ನು ಒಂದು ಮಾತು ಕೇಳಿಕೊಳ್ಳಿ, ಬೇಡ ಎನ್ನುವವರನ್ನು ನಾನಂತೂ ಕಂಡಿಲ್ಲ.

ಪಟಾಕಿ ಬಿಡುವುದು ನಮ್ಮ ಸಂಪ್ರದಾಯವಾ?

ಬಲೀಂದ್ರನಿಗೆ ಬೇಕಾದದ್ದು ದೀಪ ಮತ್ತು ಕರೆ. ಪಟಾಕಿ ಮಕ್ಕಳ ಸಂತೋಷಕ್ಕೆ. ರಾತ್ರಿ 8ರಿಂದ 10ರ ಒಳಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. 2024ರ ಅಕ್ಟೋಬರ್ ಕೊನೆಗೆ ನೀಲೇಶ್ವರದ ಕಾವೊಂದರಲ್ಲಿ ತೆಯ್ಯಂ ನೋಡಲು ಸೇರಿದ್ದ ಜನರ ಪಕ್ಕದಲ್ಲೇ ಪಟಾಕಿಯ ದಾಸ್ತಾನು ಸಿಡಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಕೆಲವರು ಜೀವ ಕಳೆದುಕೊಂಡರು. ನಮ್ಮ ಜಿಲ್ಲೆಯ ನೋವು ಅದು. ತೋಟದ ನಡುವಿನ ಮನೆಯವರು, ಹುಲ್ಲಿನ ಬಣವೆ ಇರುವವರು ಪಟಾಕಿಯನ್ನು ಪೂರ್ತಿ ಬಿಟ್ಟರೂ ಹಬ್ಬಕ್ಕೆ ಏನೂ ಕಡಿಮೆಯಾಗದು.

## ಇನ್ನೂ ಆಳಕ್ಕೆ ಹೋಗುವವರಿಗೆ

ವಾಮನ ಮಾಡಿದ್ದು ಮೋಸ ಅಲ್ವಾ? ಚಿಕ್ಕ ರೂಪದಲ್ಲಿ ಕೇಳಿ ದೊಡ್ಡ ರೂಪದಲ್ಲಿ ಅಳೆದದ್ದು ನ್ಯಾಯವಾ?

ನಮ್ಮ ಊರಿನ ತಾಳಮದ್ದಳೆ ಕೂಟಗಳಲ್ಲಿ ಬೆಳಗಾಗುವ ತನಕ ಚರ್ಚೆಯಾಗಿರುವ ಪ್ರಶ್ನೆ ಇದು. ಬಲಿಯ ಅರ್ಥ ಹೇಳುವವರು ಗಟ್ಟಿಗರಾಗಿದ್ದರೆ ವಾಮನನಿಗೆ ಉತ್ತರ ಕೊಡುವುದು ಸುಲಭವಲ್ಲ.

ಭಾಗವತದ ಎಂಟನೆಯ ಸ್ಕಂಧವನ್ನು ಓದಿದರೆ ಒಂದು ವಿಷಯ ಸ್ಪಷ್ಟ. ಬಲಿಗೆ ಗೊತ್ತಿತ್ತು. ನರ್ಮದೆಯ ಉತ್ತರ ದಡದ ಭೃಗುಕಚ್ಛದಲ್ಲಿ ಯಜ್ಞ ನಡೆಯುತ್ತಿದ್ದಾಗ, ಬಂದ ವಟು ವಿಷ್ಣು, ಎಲ್ಲವನ್ನೂ ಕಸಿಯಲು ಬಂದಿದ್ದಾನೆ ಎಂದು ಶುಕ್ರಾಚಾರ್ಯರು ಮೊದಲೇ ಎಚ್ಚರಿಸಿದರು. ಜೀವಕ್ಕೆ, ಜೀವನೋಪಾಯಕ್ಕೆ ಕುತ್ತು ಬಂದಾಗ ಆಡಿದ ಮಾತು ತಪ್ಪಿದರೆ ದೋಷವಿಲ್ಲ ಎಂದೂ ಹೇಳಿಕೊಟ್ಟರು. ಬಲಿ ಒಪ್ಪಲಿಲ್ಲ. ಕೊಡುತ್ತೇನೆ ಎಂದು ಆಡಿ ಇಲ್ಲ ಎನ್ನಲಾರೆ ಎಂದ. ಗುರುವೇ ಶಾಪ ಕೊಟ್ಟರು, ಆದರೂ ನೀರೆರೆದ. ಕಮಂಡಲುವಿನ ಮೂತಿಯಲ್ಲಿ ಶುಕ್ರ ಅಡಗಿ ಕೂತದ್ದು, ವಾಮನ ದರ್ಭೆಯಿಂದ ಚುಚ್ಚಿ ಒಂದು ಕಣ್ಣು ಹೋದದ್ದು ಜನಪ್ರಿಯ ಸೇರ್ಪಡೆ. ಆಮೇಲೆ ಗರುಡ ಬಲಿಯನ್ನು ವರುಣಪಾಶದಿಂದ ಕಟ್ಟುತ್ತಾನೆ. ಅಜ್ಜ ಪ್ರಹ್ಲಾದ ಬರುತ್ತಾನೆ, ಹೆಂಡತಿ ವಿಂಧ್ಯಾವಳಿ ಮಾತಾಡುತ್ತಾಳೆ, ಬ್ರಹ್ಮ ಬಂದು ಬಲಿಯ ಪರ ವಾದಿಸುತ್ತಾನೆ. ಯಾರ ಮೇಲೆ ಅನುಗ್ರಹ ಮಾಡಬೇಕೋ ಅವರ ಸಂಪತ್ತನ್ನು ಮೊದಲು ತೆಗೆಯುತ್ತೇನೆ ಎಂಬುದು ವಿಷ್ಣುವಿನ ಉತ್ತರ. ಕೊನೆಗೆ ಬಲಿಗೆ ಸುತಲ ಲೋಕ ಸಿಗುತ್ತದೆ, ವಿಷ್ಣುವೇ ಅಲ್ಲಿ ಬಾಗಿಲು ಕಾಯುತ್ತಾನೆ, ಮುಂದಿನ ಸಾವರ್ಣಿ ಮನ್ವಂತರದಲ್ಲಿ ಬಲಿಯೇ ಇಂದ್ರ.

ಗೊತ್ತಿದ್ದು ಕೊಟ್ಟವನನ್ನು ಮೋಸ ಹೋದವ ಎನ್ನಲಾಗದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅಂಗಳದಲ್ಲಿ ಕೂಗುವವರ ದುಃಖ ಸುಳ್ಳಲ್ಲ. ಅವರಿಗೆ ಸುತಲ, ಮನ್ವಂತರ ಬೇಕಿಲ್ಲ. ಒಳ್ಳೆಯ ಒಡೆಯ ನೆಲ ಬಿಟ್ಟು ಹೋದ, ಅಷ್ಟೇ ಅವರ ಕಥೆ. ಭಾಗವತ ಬಲಿಯ ಕಡೆಯಿಂದ ಹೇಳುತ್ತದೆ, ಕರೆ ಹಿಂದೆ ಉಳಿದವರ ಕಡೆಯಿಂದ ಹೇಳುತ್ತದೆ. ಒಂದನ್ನು ಇನ್ನೊಂದರಿಂದ ತಿದ್ದಲು ಹೋಗಬೇಡಿ.

ದೀಪಾವಳಿಗೆ ಬಲಿ ಬರುವುದು ತುಳುನಾಡಿನ ಕಲ್ಪನೆ ಮಾತ್ರವಾ? ಎಷ್ಟು ಹಳೆಯದು?

ಸಾವಿರ ವರ್ಷಕ್ಕಂತೂ ಕಡಿಮೆಯಿಲ್ಲ, ನಮ್ಮಲ್ಲಿ ಮಾತ್ರ ಇದ್ದದ್ದೂ ಅಲ್ಲ. ಅಲ್ ಬೆರೂನಿ ಎಂಬ ಮಧ್ಯ ಏಷ್ಯಾದ ವಿದ್ವಾಂಸ ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆಯುವಾಗ ದೀಪಾವಳಿಯನ್ನು ವರ್ಣಿಸಿದ್ದಾನೆ. ಪಾತಾಳದಲ್ಲಿ ಸೆರೆಯಲ್ಲಿರುವ ವಿರೋಚನನ ಮಗ ಬಲಿಯನ್ನು ಲಕ್ಷ್ಮಿ ವರ್ಷಕ್ಕೊಮ್ಮೆ ಈ ದಿನ ಬಿಡಿಸಿ ಭೂಮಿಗೆ ಕಳುಹಿಸುತ್ತಾಳೆ, ಅದಕ್ಕೇ ಇದಕ್ಕೆ ಬಲಿರಾಜ್ಯ ಎಂಬ ಹೆಸರು ಎಂದು ಅವನು ದಾಖಲಿಸಿದ್ದಾನೆ. ಅವನು ಕಂಡದ್ದು, ಕೇಳಿದ್ದು ಉತ್ತರದ ಕಡೆ. ಮಹಾರಾಷ್ಟ್ರದಲ್ಲಿ ಈಗಲೂ ಪಾಡ್ಯದ ದಿನ ಬಲಿಯ ರಾಜ್ಯ ಬರಲಿ ಎಂದು ಹಾರೈಸುತ್ತಾರೆ. ಹಾಲೆಯ ಕಂಬ, ಗದ್ದೆಯ ದೀಪ, ತುಳುವಿನ ಕರೆ ಇವು ಮಾತ್ರ ನಮ್ಮ ನೆಲದ್ದೇ.

ನಮ್ಮ ತಿಂಗಳು ಸೌರಮಾನ, ದೀಪಾವಳಿ ಚಾಂದ್ರಮಾನ. ಹಾಗಿದ್ದೂ ಯಾವಾಗಲೂ ತುಲಾ ಮಾಸದಲ್ಲೇ ಬರುವುದು ಹೇಗೆ?

ಚಾಂದ್ರ ತಿಂಗಳಿಗೆ ಹೆಸರು ಕೊಡುವುದೇ ಸೂರ್ಯನ ಸಂಕ್ರಮಣ ನೋಡಿ. ವೃಶ್ಚಿಕ ಸಂಕ್ರಮಣ ಯಾವ ಚಾಂದ್ರ ತಿಂಗಳೊಳಗೆ ಬೀಳುತ್ತದೋ ಅದು ಕಾರ್ತಿಕ. ಅಂದಮೇಲೆ ಕಾರ್ತಿಕ ಶುರುವಾಗುವ ಅಮಾವಾಸ್ಯೆಯ ಹೊತ್ತಿಗೆ ಸೂರ್ಯ ಇನ್ನೂ ತುಲಾ ರಾಶಿಯಲ್ಲೇ ಇರಬೇಕು. ಹಾಗಾಗಿ ದೀಪಾವಳಿಯ ಅಮಾವಾಸ್ಯೆ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನ ಒಳಗೆ ಎಲ್ಲಿ ಬಿದ್ದರೂ ಅದು ಬೊಂತೆಲ್ ತಿಂಗಳೇ.

ದಿನದ ಗೊಂದಲ ಬರುವುದು ತಿಥಿ ಸಂಜೆಗೆ ಸಿಗುವ ರೀತಿಯಿಂದ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನದ ಮೇಲೆ ಶುರುವಾಗಿ ನವೆಂಬರ್ 1ರ ಸಂಜೆ ಮುಗಿಯಿತು, ಹಾಗಾಗಿ ಊರಿಗೊಂದು ದಿನ ಹಬ್ಬವಾಯಿತು. 2022ರಲ್ಲಿ ಅಕ್ಟೋಬರ್ 25ರಂದು ಸೂರ್ಯಗ್ರಹಣ ಬಂದು ಅಮಾವಾಸ್ಯೆಗೂ ಪಾಡ್ಯಕ್ಕೂ ನಡುವೆ ಒಂದು ದಿನ ಖಾಲಿ ಉಳಿಯಿತು. ಸರಳ ಸೂತ್ರ ಇಷ್ಟು: ಎಣ್ಣೆಸ್ನಾನಕ್ಕೆ ಬೆಳಗಿನ ಜಾವದ ಚತುರ್ದಶಿ, ಲಕ್ಷ್ಮೀಪೂಜೆಗೆ ಸಂಜೆಯ ಅಮಾವಾಸ್ಯೆ. ಉಳಿದದ್ದಕ್ಕೆ ನಿಮ್ಮ ಊರಿನ ದೇವಸ್ಥಾನ ಅನುಸರಿಸುವ ಪಂಚಾಂಗ ನೋಡಿ.

ದೀಪಾವಳಿ ಕಳೆದ ಮೇಲೆಯೇ ಆಟ, ಕೋಲ ಎಲ್ಲ ಶುರುವಾಗುವುದು ಯಾಕೆ?

ಬೇಸ (ವೃಷಭ) ತಿಂಗಳ ಹತ್ತನೆಯ ದಿನ ಪತ್ತನಾಜೆ. ಆ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನೇಮ-ಕೋಲಗಳು ನಿಲ್ಲುತ್ತವೆ. ಮಳೆಗಾಲದಲ್ಲಿ ಬಯಲಿನಲ್ಲಿ ರಂಗಸ್ಥಳ ಹಾಕುವಂತಿಲ್ಲ, ಜನರಿಗೆ ಗದ್ದೆ ಕೆಲಸದಿಂದ ಪುರುಸೊತ್ತೂ ಇಲ್ಲ. ಏಣೆಲು ಕೊಯ್ದು, ಬಯಲು ಒಣಗಿ, ಕೈಯಲ್ಲಿ ಭತ್ತ ಬಂದ ಮೇಲೆ ಆಟಕ್ಕೂ ಕೋಲಕ್ಕೂ ಜಾಗ, ಖರ್ಚು, ಜನ ಎಲ್ಲ ಒದಗುತ್ತದೆ. ದಕ್ಷಿಣಕ್ಕೆ ಹೋದರೆ ತೆಯ್ಯಂಗಳಿಗೆ ತುಲಾ ತಿಂಗಳ ಹತ್ತನೆಯ ದಿನ, ಪತ್ತಾಮುದಯವೇ ಆರಂಭ.

ಪಾಡ್ಯ ಮುಗಿದ ಮೇಲೆ ಕಂಬ ಎಂತ ಮಾಡುವುದು? ದೀಪ ಎಷ್ಟು ದಿನ ಇಡಬೇಕು?

ಕಂಬವನ್ನು ಕಾಲಿಗೆ ಸಿಗುವ ಹಾಗೆ ಎಸೆಯಬಾರದು. ಕೆಲವು ದಿನ ಅಂಗಳದಲ್ಲೇ ಇದ್ದು, ಆಮೇಲೆ ಕಿತ್ತು ತೆಂಗಿನ ಬುಡಕ್ಕೋ ಗೊಬ್ಬರದ ಗುಂಡಿಗೋ ಹಾಕಿ. ಹತ್ಯಾರುಗಳನ್ನು ಮರುದಿನ ಒಳಗಿಟ್ಟುಕೊಳ್ಳಿ, ಇಬ್ಬನಿಗೆ ತುಕ್ಕು ಹಿಡಿಯುತ್ತದೆ.

ದೀಪ ಅಂದಿಗೆ ನಿಲ್ಲುವುದಿಲ್ಲ. ಅನೇಕ ಮನೆಗಳಲ್ಲಿ ಪಾಡ್ಯದಿಂದ ಉತ್ಥಾನ ದ್ವಾದಶಿಯವರೆಗೆ ಸಂಜೆ ಹೊತ್ತು ತುಳಸಿಕಟ್ಟೆಗೆ ಪೂಜೆ, ಸಂಕೀರ್ತನೆ ನಡೆಯುತ್ತದೆ. ದ್ವಾದಶಿಯಂದು ಕಾಯಿ ಇರುವ ನೆಲ್ಲಿಯ ಗೆಲ್ಲನ್ನು ತುಳಸಿಯ ಪಕ್ಕ ನೆಟ್ಟು ತುಳಸಿಪೂಜೆ ಮಾಡುತ್ತಾರೆ. ನೆಲ್ಲಿಯ ಗೆಲ್ಲನ್ನು ಹಿಂದಿನ ದಿನವೇ ತಂದು ನೀರಿನಲ್ಲಿ ಇಟ್ಟುಕೊಳ್ಳಿ. ಪೇಟೆಯಲ್ಲಿ ಅಂದೇ ಹುಡುಕಿದರೆ ಕಾಯಿ ಉದುರಿದ ಗೆಲ್ಲೇ ಸಿಗುವುದು.